ಕಮಾನಿನ ಕೆಳಗೆ ಅಂಗಡಿ, ಮೇಲೆ ಮನೆ: ವೆನಿಸ್ಸಿನ ಚೌಕ ಮತ್ತೆ ನಮ್ಮ ಹಂಪಿ ಬಜಾರು

ಎಲ್ಲರಿಗೂ ನಮಸ್ಕಾರ. ಮೊನ್ನೆ ಬಳ್ಳಾರಿಯಲ್ಲಿ ವೆನಿಸ್ಸಿನ ಸಾನ್ ಮಾರ್ಕೊ ಚೌಕದ ಬಗ್ಗೆ ಮಾತಾಡಿದ್ದನ್ನ ಬರೆದು ಹಾಕ್ರಿ ಅಂತ ಸುಮಾರು ಜನ ಕೇಳಿದ್ರು. ಅಲ್ಲಿ ಸ್ಲೈಡ್ ತೋರಿಸ್ತಾ ಹೇಳಿದ್ದೆ, ಇಲ್ಲಿ ಫೋಟೋ ಇಲ್ಲ, ಹಂಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದೀನಿ, ಮಾತಿನ ಧಾಟಿ ಮಾತ್ರ ಹಂಗೇ ಬಿಟ್ಟಿದೀನಿ.

ಚೆಸಾರೆ ಫೆದೆರಿಚಿ ಅಂತ ಒಬ್ಬ ವೆನಿಸ್ ವ್ಯಾಪಾರಿ ಇದ್ದ. 1563ರಲ್ಲಿ ಊರು ಬಿಟ್ಟು ಹೊರಟವನು ತಿರುಗ್ತಾ ತಿರುಗ್ತಾ 1567ರಲ್ಲಿ ವಿಜಯನಗರಕ್ಕೆ ಬಂದ, ಅಂದ್ರೆ ತಾಳಿಕೋಟೆ ಯುದ್ಧ ಆಗಿ ಎರಡೇ ವರ್ಷಕ್ಕೆ. ದಾರಿಯಲ್ಲಿ ಕಳ್ಳರ ಕಾಟ ಅಂತ ಏಳು ತಿಂಗಳು ಇಲ್ಲೇ ಉಳಿಬೇಕಾಯ್ತು ಅವನಿಗೆ. ವಾಪಸ್ ವೆನಿಸ್ ಮುಟ್ಟಿದ್ದು 1581ಕ್ಕೆ, ಅವನ ಪ್ರವಾಸದ ಕಥೆ ಅಚ್ಚಾಗಿದ್ದು 1587ಕ್ಕೆ. ಅದರಲ್ಲಿ ನಮ್ಮೂರಿನ ಬಗ್ಗೆ ಅವನು ಹೇಳೋದೇನು ಅಂದ್ರೆ, ಪಟ್ಟಣ ಪೂರ್ತಿ ನಾಶ ಆಗಿಲ್ಲ, ಮನೆಗಳು ಇನ್ನೂ ನಿಂತಿದಾವೆ, ಆದ್ರೆ ಖಾಲಿ, ಒಳಗೆ ಹುಲಿ ಮತ್ತೆ ಕಾಡುಪ್ರಾಣಿ ಬಿಟ್ರೆ ಬೇರೆ ಯಾರೂ ಇಲ್ಲವಂತೆ.

ಹಂಪಿಯನ್ನೂ ವೆನಿಸ್ಸಿನ ಸಾನ್ ಮಾರ್ಕೊ ಚೌಕವನ್ನೂ ಎರಡನ್ನೂ ಕಣ್ಣಾರೆ ಕಂಡ ಈ ಮನುಷ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿದಾನೆ. ಯಾಕಂದ್ರೆ ಅವನ ಊರಿನ ಚೌಕದಲ್ಲಿ ಉತ್ತರದ ಕಡೆ ಒಂದು ಉದ್ದನೆಯ ಕಮಾನಿನ ಕಟ್ಟಡ ಇದೆ, ಅದು 1512ರಲ್ಲಿ ಬೆಂಕಿ ಬಿದ್ದ ಮೇಲೆ ಹೊಸದಾಗಿ ಕಟ್ಟಿದ್ದು, ಆಗ ಇಲ್ಲಿ ಕೃಷ್ಣದೇವರಾಯರ ಆಳ್ವಿಕೆ. ಅವರು ಉದಯಗಿರಿ ಗೆದ್ದು ಬಾಲಕೃಷ್ಣನ ವಿಗ್ರಹ ತಂದು ಹಂಪಿಯಲ್ಲಿ ಪ್ರತಿಷ್ಠೆ ಮಾಡಿಸಿದ ಶಾಸನ 1515ರದು, ಆ ಕೃಷ್ಣ ದೇವಸ್ಥಾನದ ಎದುರಿಗೇ ಇವತ್ತು ನಾವು ನೋಡೋ ಕೃಷ್ಣ ಬಜಾರಿನ ಸಾಲುಮಂಟಪ ಇರೋದು. ಅಂದ್ರೆ ಹೆಚ್ಚುಕಮ್ಮಿ ಒಂದೇ ಕಾಲದ ಎರಡು ಬಜಾರು. ಎರಡೂ ಕಡೆ ಕಂಬ, ನೆರಳು, ನೆರಳಲ್ಲಿ ವ್ಯಾಪಾರ. ಒಂದರಲ್ಲಿ ಇವತ್ತಿಗೂ ಬೆಳಿಗ್ಗೆ ಶಟರ್ ಏಳುತ್ತೆ. ಅದು ಹೆಂಗೆ ಉಳೀತು ಅನ್ನೋದೇ ಇವತ್ತಿನ ವಿಷಯ, ಮತ್ತೆ ಅಲ್ಲಿಗೆ ಹೋದ್ರೆ ಏನು ನೋಡ್ಬೇಕು ಅನ್ನೋದೂ ಸೇರ್ಕೊಂಡಿದೆ.

ಮೊದಲು ಜಾಗ ಹೇಳ್ತೀನಿ. ಸಾನ್ ಮಾರ್ಕೊ ಚೌಕ ಪೂರ್ತಿ ಚೌಕ ಅಲ್ಲ, ನಮ್ಮ ಮೊರದ ಆಕಾರ, ಪೂರ್ವಕ್ಕೆ ಚರ್ಚಿನ ಕಡೆ ಅಗಲ, ಪಶ್ಚಿಮಕ್ಕೆ ಹೋಗ್ತಾ ಕಿರಿದು. ಪೂರ್ವದಲ್ಲಿ ಸಾನ್ ಮಾರ್ಕೊ ಬಸಿಲಿಕಾ, ಉಳಿದ ಮೂರು ಕಡೆ ಕಮಾನಿನ ಸಾಲು. ಉತ್ತರಕ್ಕೆ ಪ್ರೊಕುರಾತ್ಸಿಯೆ ವೆಕ್ಕಿಯೆ ಅಂದ್ರೆ ಹಳೇದು, ದಕ್ಷಿಣಕ್ಕೆ ಪ್ರೊಕುರಾತ್ಸಿಯೆ ನುವೊವೆ ಅಂದ್ರೆ ಹೊಸದು, ಪಶ್ಚಿಮಕ್ಕೆ ಎರಡನ್ನೂ ಜೋಡಿಸೋ ನೆಪೋಲಿಯನ್ ಕಾಲದ ಕಟ್ಟಡ. ಹೊಸದು ಅಂದ್ರೂ ಅದಕ್ಕೆ ನಾನೂರು ವರ್ಷ ಮೇಲಾಗಿದೆ ಮತ್ತೆ. ಹಳೇದರ ಉದ್ದ ಸುಮಾರು 150 ಮೀಟರ್, ನೆಲದ ಮೇಲೆ 50 ಕಮಾನು, ಮೇಲಿನ ಎರಡು ಅಂತಸ್ತಿಗೂ ಒಂದೊಂದಕ್ಕೆ 100. ಕೆಳಗೆ ಒಂದು ಕಮಾನಿಗೆ ಮೇಲೆ ಎರಡು ಅನ್ನೋ ಲೆಕ್ಕ, ಅದನ್ನ ಎಲ್ಲೂ ಬಿಟ್ಟಿಲ್ಲ, ಆ ತುದಿಯಿಂದ ಈ ತುದಿವರೆಗೂ ಅದೇ ತಾಳ. ಫೋಟೋದಲ್ಲಿ ನೋಡ್ದಾಗ ಬೇಜಾರು ಹಿಡಿಸುತ್ತೆ ಅನ್ಸುತ್ತೆ, ಅಲ್ಲಿ ನಿಂತ್ರೆ ಅದರ ಉದ್ದಕ್ಕೆ ಕಣ್ಣು ತಾನೇ ಚರ್ಚಿನ ಕಡೆ ಓಡುತ್ತೆ. ನಮ್ಮ ವಿರೂಪಾಕ್ಷ ಬಜಾರಿನಲ್ಲಿ ಎದುರು ಬಸವಣ್ಣನ ಹತ್ರ ನಿಂತು ಗೋಪುರದ ಕಡೆ ತಿರುಗಿದ್ರೆ ಆಗೋದೂ ಅದೇ ಅಲ್ವಾ, ಮುಕ್ಕಾಲು ಕಿಲೋಮೀಟರ್ ದೂರದ ಗೋಪುರಾನ ಎರಡು ಸಾಲು ಕಂಬಗಳು ಹಿಡಿದು ನಮ್ಮ ಮುಂದೆ ತಂದು ನಿಲ್ಲಿಸ್ತಾವೆ.

ಈಗ ಪ್ರೊಕುರಾತ್ಸಿಯೆ ಅನ್ನೋ ಹೆಸರಿನ ವಿಷಯ. ಪ್ರೊಕ್ಯುರೇಟರ್‌ಗಳು ಅಂತ ವೆನಿಸ್ ಗಣರಾಜ್ಯದಲ್ಲಿ ಒಂದು ಹುದ್ದೆ ಇತ್ತು, ದೋಜೆ ಅನ್ನೋ ಮುಖ್ಯಸ್ಥನನ್ನ ಬಿಟ್ರೆ ಅಷ್ಟು ಮರ್ಯಾದೆ ಇರೋ, ಸಾಯೋವರೆಗೂ ಇರೋ ಹುದ್ದೆ. ಒಟ್ಟು ಒಂಬತ್ತು ಜನ, ಮೂರು ಗುಂಪು. ಒಂದು ಗುಂಪಿಗೆ ಸಾನ್ ಮಾರ್ಕೊ ಚರ್ಚು, ಅದರ ಖಜಾನೆ, ಚೌಕದ ಸುತ್ತ ಇರೋ ಕಟ್ಟಡಗಳ ಉಸ್ತುವಾರಿ. ಉಳಿದ ಎರಡು ಗುಂಪಿಗೆ ದೊಡ್ಡ ಕಾಲುವೆಯ ಆ ಕಡೆ ಈ ಕಡೆ ಜನ ಬರೆದಿಟ್ಟು ಹೋದ ಉಯಿಲು ನಡೆಸೋದು, ತಂದೆತಾಯಿ ಇಲ್ಲದ ಮಕ್ಕಳ ಆಸ್ತಿ ನೋಡ್ಕೊಳ್ಳೋದು. ಅಂದ್ರೆ ದೇವಸ್ಥಾನದ ಧರ್ಮದರ್ಶಿ, ಟ್ರಸ್ಟಿ, ಮನೆ ಮಾಲೀಕ, ಎಲ್ಲಾ ಒಬ್ಬನೇ. ಈ ಹಳೇ ಪ್ರೊಕುರಾತ್ಸಿಯೆ ಕಟ್ಟಡದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ರು. ಬಾಡಿಗೆ ದುಡ್ಡು ಪ್ರೊಕ್ಯುರೇಟರ್‌ಗಳ ಖಜಾನೆಗೆ, ಖಜಾನೆಯಿಂದ ಚರ್ಚಿನ ಮತ್ತೆ ಚೌಕದ ಕೆಲಸಕ್ಕೆ. ಈ ಒಂದು ವ್ಯವಸ್ಥೆ ತಿಳ್ಕೊಂಡ್ರೆ ಆ ಚೌಕದ ಅರ್ಧ ಕಥೆ ತಿಳಿದಂಗೆ. ರಾಜನ ಬೊಕ್ಕಸಕ್ಕೆ ಕೈಚಾಚಿ ಕೂರದೆ ಕಟ್ಟಡ ತನ್ನ ಅನ್ನ ತಾನೇ ದುಡ್ಕೊಂಡಿದೆ, ದುಡಿದಿದ್ದಕ್ಕೇ ಅದಕ್ಕೆ ಸುಣ್ಣ ಬಣ್ಣ ರಿಪೇರಿ ಆಗ್ತಾ ಬಂದಿದೆ.

ಬಾಡಿಗೆ ಅಂದಾಗ ಒಂದು ಕಥೆ ಹೇಳ್ಲೇಬೇಕು, ಬಳ್ಳಾರಿಯಲ್ಲಿ ಹೇಳ್ದಾಗ ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದ್ರು. ಚೌಕದ ಈಶಾನ್ಯ ಮೂಲೆಯಲ್ಲಿ ಗಡಿಯಾರ ಗೋಪುರ ಇದೆ, 1499ರದು, ಅದರ ಕೆಳಗಿನ ಕಮಾನು ದಾಟಿದ ಕೂಡ್ಲೆ ಮೆರ್ಚೆರಿಯಾ ಅನ್ನೋ ಅಂಗಡಿ ಬೀದಿ ಶುರು. ಅಲ್ಲಿ ಎಡಕ್ಕೆ ತಲೆ ಎತ್ತಿ ನೋಡಿದ್ರೆ ಗೋಡೆಯಲ್ಲಿ ಕಲ್ಲಲ್ಲಿ ಕೆತ್ತಿದ ಒಬ್ಬ ಮುದುಕಿ ಕಿಟಕಿಯಿಂದ ಬಗ್ಗಿದಾಳೆ, ಕೈಯಲ್ಲಿ ಒರಳು. 1310ರ ಜೂನ್ 15ಕ್ಕೆ ಬಾಯಮೋಂತೆ ತಿಯೆಪೊಲೊ ಅನ್ನೋನು ದೋಜೆ ವಿರುದ್ಧ ದಂಗೆ ಎದ್ದು ಇದೇ ಬೀದಿಯಲ್ಲಿ ಚೌಕಕ್ಕೆ ನುಗ್ಗಿ ಬರ್ತಿದ್ದಾಗ ಈ ಅಜ್ಜಿ ಮೇಲಿಂದ ಒರಳುಕಲ್ಲು ಕೆಳಗೆ ಬಿಟ್ಟಳು, ಬಾವುಟ ಹಿಡಿದಿದ್ದವನ ತಲೆ ಮೇಲೇ ಬಿತ್ತು, ಬಾವುಟ ಬಿದ್ದಿದ್ದು ನೋಡಿ ದಂಗೆಯವರು ದಿಕ್ಕಾಪಾಲಾದ್ರು ಅಂತ ಹೇಳ್ತಾರೆ. ಏನ್ ಬೇಕು ಕೇಳು ಅಂದ್ರೆ ಅವಳು ಕೇಳಿದ್ದು ಎರಡೇ. ಹಬ್ಬದ ದಿನ ತನ್ನ ಕಿಟಕಿಗೆ ಬಾವುಟ ಹಾಕೋಕೆ ಪರ್ಮಿಷನ್ ಕೊಡಿ, ಮತ್ತೆ ತನಗೂ ತನ್ನ ವಂಶದವರಿಗೂ ಮನೆ ಬಾಡಿಗೆ ವರ್ಷಕ್ಕೆ 15 ಡುಕಾಟ್‌ಗಿಂತ (ಡುಕಾಟ್ ಅಂದ್ರೆ ವೆನಿಸ್ ನಾಣ್ಯ) ಜಾಸ್ತಿ ಮಾಡ್ಬೇಡಿ. ಮನೆ ಮಾಲೀಕರು ಯಾರು ಅಂದ್ರೆ ಇದೇ ಪ್ರೊಕ್ಯುರೇಟರ್‌ಗಳು. ನೂರು ವರ್ಷ ದಾಟಿದ ಮೇಲೆ ಯಾರೋ ಬಾಡಿಗೆ ಏರಿಸಿದ್ರೆ ಅವಳ ವಂಶದವನು ಅರ್ಜಿ ಹಾಕಿ ಮತ್ತೆ 15ಕ್ಕೇ ಇಳಿಸ್ಕೊಂಡ. ಒರಳು ಬಿದ್ದ ಜಾಗಕ್ಕೆ ನೆಲದಲ್ಲಿ ಒಂದು ಬಿಳೀ ಕಲ್ಲು ಕೂರಿಸಿದಾರೆ, ಟೂರಿಸ್ಟ್‌ಗಳು ಅದನ್ನ ತುಳ್ಕೊಂಡೇ ಹೋಗ್ತಾರೆ, ನೀವು ಹೋದ್ರೆ ನಿಂತು ನೋಡ್ರಿ. ಒಂದು ದೇಶದ ಚರಿತ್ರೆಯಲ್ಲಿ ಬಾಡಿಗೆದಾರಳ ಹಕ್ಕಿಗೆ ಕಲ್ಲಿನ ಗುರುತು ಇರೋದು ನಾನಂತೂ ಬೇರೆಲ್ಲೂ ನೋಡಿಲ್ಲ.

ಸರಿ, ಬೆಂಕಿ ಬಿದ್ದ ಮೇಲೆ ಕಟ್ಟಿದ್ದು ಯಾರು? ಬಾರ್ತೊಲೊಮೆಯೊ ಬೊನ್, ಗುಲಿಯೆಲ್ಮೊ ದೆಯಿ ಗ್ರಿಜಿ ಅಂತ ಮೇಸ್ತ್ರಿಗಳು ಶುರು ಮಾಡಿದ್ರು, ಕೊನೆಗೆ ಮುಗಿಸಿದ್ದು ಯಾಕೊಪೊ ಸಾನ್ಸೊವಿನೊ, 1538ರ ಹೊತ್ತಿಗೆ. ಸಾನ್ಸೊವಿನೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಅವನ ಕಥೆ ನಮಗೆ ಬೇಕು. 1529ರಲ್ಲಿ ಅವನನ್ನ ಪ್ರೊಕ್ಯುರೇಟರ್‌ಗಳು ಚೀಫ್ ಎಂಜಿನಿಯರ್ ತರ ನೇಮಿಸ್ಕೊಂಡ್ರು, ಸಂಬಳ ಕೊಟ್ಟು ಇದೇ ಹಳೇ ಪ್ರೊಕುರಾತ್ಸಿಯೆಯಲ್ಲಿ ಗಡಿಯಾರ ಗೋಪುರದ ಹತ್ರ ಇರೋಕೆ ಮನೇನೂ ಕೊಟ್ರು. ಬಂದ ಕೂಡ್ಲೆ ಅವನು ಮಾಡಿದ ಕೆಲಸ ಏನ್ ಗೊತ್ತಾ, ತೆರವು. ನೀರಿನ ಕಡೆ ಇರೋ ಎರಡು ದೊಡ್ಡ ಕಂಬಗಳ ಸುತ್ತ ಮಾಂಸದ ಅಂಗಡಿ, ಮರದ ಡಬ್ಬಾ ಅಂಗಡಿ ಎಲ್ಲಾ ತುಂಬ್ಕೊಂಡಿದ್ವು, ಗಲೀಜು ಅಂದ್ರೆ ಗಲೀಜು, ಅದನ್ನೆಲ್ಲಾ ಎಬ್ಬಿಸಿದ. ಆದ್ರೆ ಕಮಾನಿನ ಕೆಳಗಿದ್ದ ಅಂಗಡಿಗಳನ್ನ ಮುಟ್ಟಲಿಲ್ಲ, ಅವು ಕಟ್ಟಡದ ಜೀವ ಅಂತ ಅವನಿಗೆ ಗೊತ್ತಿತ್ತು, ಬಾಡಿಗೆ ಲೆಕ್ಕ ಅವನ ಕಣ್ಣೆದುರೇ ಇತ್ತು. ಮುಂದೆ ದೋಜೆ ಅರಮನೆ ಎದುರಿಗೆ ಲೈಬ್ರರಿ ಕಟ್ಟೋಕೆ ಶುರು ಮಾಡಿದ, 1545ರ ಡಿಸೆಂಬರಲ್ಲಿ ಅದರ ಕಮಾನು ಚಾವಣಿ ಒಂದು ರಾತ್ರಿ ಕುಸಿದು ಬಿತ್ತು, ಸಾನ್ಸೊವಿನೊನ ಜೈಲಿಗೆ ಹಾಕಿದ್ರು. ಚಿತ್ರಕಾರ ಟಿಷಿಯನ್ ಎಲ್ಲಾ ಅವನ ದೋಸ್ತರು, ಅವರೆಲ್ಲಾ ಸೇರಿ ಬಿಡಿಸ್ಕೊಂಡು ಬಂದ್ರು, ರಿಪೇರಿ ಖರ್ಚು ಮಾತ್ರ ಅವನ ಮೇಲೇ ಬಿತ್ತು. ಆ ಲೈಬ್ರರಿ ಇವತ್ತೂ ಇದೆ, ಒಳಗೆ ಹೋಗಿ ನೋಡ್ಬಹುದು.

ದಕ್ಷಿಣದ ಹೊಸ ಪ್ರೊಕುರಾತ್ಸಿಯೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅಲ್ಲಿ ಮೊದಲು ಯಾತ್ರಿಕರಿಗೆ ಅಂತ ಹಳೇ ಛತ್ರ ಇತ್ತು, ಅದನ್ನ ತೆಗೆದು 1580ರ ದಶಕದಲ್ಲಿ ವಿಂಚೆನ್ಸೊ ಸ್ಕಮೊತ್ಸಿ ಶುರು ಮಾಡಿದ, ಮುಗಿಸಿದ್ದು ಮುಂದಿನ ಶತಮಾನದಲ್ಲಿ ಬಲ್ದಸ್ಸಾರೆ ಲೊಂಗೆನಾ. ಇದು ಪ್ರೊಕ್ಯುರೇಟರ್‌ಗಳು ತಾವೇ ಇರೋಕೆ ಕಟ್ಟಿಸ್ಕೊಂಡ ಮನೆ, ಹಂಗಾಗಿ ಭರ್ಜರಿ. ನಮ್ಮ ಫೆದೆರಿಚಿ 1581ರಲ್ಲಿ ವಾಪಸ್ ಬಂದಾಗ ಹಳೇ ಛತ್ರ ಇನ್ನೂ ಇತ್ತು, ಅವನ ಕಥೆ ಅಚ್ಚಾಗೋ ಹೊತ್ತಿಗೆ ಚೌಕದ ಆ ಕಡೆ ಕಲ್ಲುಕುಟಿಗರ ಸದ್ದು. ಒಂದೂರು ಖಾಲಿ ಆಗಿದ್ದನ್ನ ನೋಡಿ ಬಂದವನು ಇನ್ನೊಂದು ಊರು ಎದ್ದು ನಿಲ್ಲೋದನ್ನ ನೋಡಿರ್ತಾನೆ. 1797ರಲ್ಲಿ ನೆಪೋಲಿಯನ್ ಸೈನ್ಯ ಬಂತು, ಸಾವಿರ ವರ್ಷದ ಗಣರಾಜ್ಯ ಮುಗೀತು, ಪ್ರೊಕ್ಯುರೇಟರ್‌ಗಳ ಮನೆ ಅರಮನೆ ಆಯ್ತು. ಅರಮನೆಗೆ ದೊಡ್ಡ ಮೆಟ್ಟಿಲು, ಡ್ಯಾನ್ಸ್ ಹಾಲ್ ಬೇಕಲ್ಲ, ಅದಕ್ಕೆ ಪಶ್ಚಿಮದಲ್ಲಿದ್ದ ಸಾನ್ ಜೆಮಿನಿಯಾನೊ ಚರ್ಚನ್ನ 1807ರಲ್ಲಿ ಕೆಡವಿದ್ರು, ಅದರ ಮುಂಭಾಗ ಸಾನ್ಸೊವಿನೊನೇ ಕಟ್ಟಿದ್ದು. ನನಗೆ ಆ ಪಶ್ಚಿಮದ ಕಟ್ಟಡ ಅಷ್ಟು ಹಿಡಿಸಲ್ಲ, ಮೇಲೆ ರೋಮನ್ ಚಕ್ರವರ್ತಿಗಳ ಸಾಲು ನಿಲ್ಲಿಸಿದಾರೆ, ಕೆಳಗಿನ ಕಮಾನಿಗೂ ಅವರಿಗೂ ಮಾತುಕತೆನೇ ಇಲ್ಲ ಅನ್ಸುತ್ತೆ.

ಈಗ ನೀವು ಅಲ್ಲಿ ಇದೀರಿ ಅಂದ್ಕೊಳ್ರಿ. ಬಳ್ಳಾರಿ ರಾಯಚೂರಿನವರಿಗೆ ಮೊದಲು ಕಣ್ಣಿಗೆ ಬೀಳೋದು ಬಿಸಿಲಿನ ಲೆಕ್ಕ. ಹಳೇ ಪ್ರೊಕುರಾತ್ಸಿಯೆ ಉತ್ತರದ ಕಡೆ ಇರೋದ್ರಿಂದ ಅದರ ಮುಖ ದಕ್ಷಿಣಕ್ಕೆ, ದಿನವೆಲ್ಲಾ ಬಿಸಿಲು ಅದರ ಮೇಲೆ. ಅದಕ್ಕೆ ಕಮಾನು ಕಮಾನಿಗೂ ದಪ್ಪ ಬಟ್ಟೆಯ ಉದ್ದ ಪರದೆ ಇಳಿಬಿಡ್ತಾರೆ, ಗಾಳಿ ಬಂದಾಗ ಪರದೆಗಳು ಉಬ್ಬಿ ಮತ್ತೆ ಕಂಬಕ್ಕೆ ಬಡಿಯೋ ಸದ್ದು ಕೇಳುತ್ತೆ, ಒಳಗೆ ತಂಪು. ಮೇ ತಿಂಗಳ ಮಧ್ಯಾಹ್ನ ನಾವು ಬಳ್ಳಾರಿಯ ಬ್ರೂಸ್‌ಪೇಟೆ ಕಡೆ ಅಂಗಡಿ ಮುಂದೆ ಗೋಣಿತಾಟು ಕಟ್ಟೋದು ಯಾಕೋ ಅದೂ ಅದಕ್ಕೇ. ಹೊಸ ಪ್ರೊಕುರಾತ್ಸಿಯೆ ಮುಖ ಉತ್ತರಕ್ಕೆ, ಅಲ್ಲಿ ನೆರಳು. 1720ರಲ್ಲಿ ಫ್ಲೊರಿಯಾನ್ ಕಾಫಿ ಅಂಗಡಿ ಶುರುವಾಗಿದ್ದು ಆ ನೆರಳಿನ ಕಡೆ, ಅದರ ಎದುರಿಗೆ ಬಿಸಿಲಿನ ಕಡೆ ಕ್ವಾದ್ರಿ. ಆಸ್ಟ್ರಿಯಾದವರು ವೆನಿಸ್ ಆಳ್ತಿದ್ದಾಗ ಅವರ ಆಫೀಸರ್‌ಗಳು ಕ್ವಾದ್ರಿಯಲ್ಲಿ ಕೂರೋರು, ಊರಿನವರು ಫ್ಲೊರಿಯಾನ್‌ನಲ್ಲಿ, ಚೌಕ ಹಂಗೇ ಇಬ್ಭಾಗ. ಕೂತ್ರೆ ಕಾಫಿ ಬೆಲೆ ಜೊತೆ ಬ್ಯಾಂಡಿನ ಚಾರ್ಜೂ ಸೇರಿಸ್ತಾರೆ, ಮೊದಲೇ ಮೆನು ನೋಡ್ರಿ. ಕಮಾನಿನ ಕೆಳಗೆ ಆ ತುದಿಯಿಂದ ಈ ತುದಿವರೆಗೆ ನಡೆಯೋಕೆ ಮಾತ್ರ ಯಾರೂ ಏನೂ ಕೇಳಲ್ಲ, ನನ್ನ ಪ್ರಕಾರ ಅದೇ ಅಲ್ಲಿನ ದೊಡ್ಡ ಸುಖ.

ನಡೀತಾ ಇದ್ದಾಗ ಹಳೇ ಸಾಲಿನಲ್ಲಿ ಒಲಿವೆತ್ತಿ ಶೋರೂಮ್ ಸಿಗುತ್ತೆ, ಟೈಪ್‌ರೈಟರ್ ಕಂಪನಿಗೆ ಅಂತ ಆರ್ಕಿಟೆಕ್ಟ್ ಕಾರ್ಲೊ ಸ್ಕಾರ್ಪಾ 1950ರ ದಶಕದ ಕೊನೆಗೆ ಮಾಡಿಕೊಟ್ಟಿದ್ದು. ಬಾಡಿಗೆ ಅಂಗಡಿ ಅಷ್ಟೇ ಅದು, ಆದ್ರೆ ಒಳಗಿನ ಕಲ್ಲಿನ ಮೆಟ್ಟಿಲು ನೋಡ್ಬೇಕು, ಒಂದೊಂದು ಹಲಗೆ ಒಂದೊಂದು ಅಳತೆ, ಗಾಳಿಯಲ್ಲಿ ತೇಲಿಬಿಟ್ಟಂಗಿದೆ. ಹಳೇ ಕಟ್ಟಡಕ್ಕೆ ಧಕ್ಕೆ ಮಾಡದೆ ಹೊಸ ಅಂಗಡಿ ಹಾಕೋದು ಹೆಂಗೆ ಅಂತ ನಮ್ಮ ಹುಡುಗ ಆರ್ಕಿಟೆಕ್ಟ್‌ಗಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ.

ಮೇಲಿನ ಅಂತಸ್ತಿಗೆ ಹೋಗ್ಬೇಕಂದ್ರೆ ಎರಡು ದಾರಿ. ಒಂದು ಕೊರೆರ್ ಮ್ಯೂಸಿಯಂ, ಪಶ್ಚಿಮದ ಕಟ್ಟಡದ ದೊಡ್ಡ ಮೆಟ್ಟಿಲು ಹತ್ತಿ ಹೊಸ ಪ್ರೊಕುರಾತ್ಸಿಯೆ ಒಳಗೆ ಹೋಗೋದು. ದೋಜೆ ಅರಮನೆ ಜೊತೆ ಸೇರಿಸಿ ಒಂದೇ ಟಿಕೆಟ್, ಅದರಲ್ಲೇ ಸಾನ್ಸೊವಿನೊನ ಲೈಬ್ರರಿ ಹಾಲೂ ಬರುತ್ತೆ. ಅರಮನೆ ಹತ್ರ ಕ್ಯೂ ನೋಡಿ ಸುಸ್ತಾಗ್ಬೇಡಿ, ಕೊರೆರ್ ಕಡೆ ಜನ ಕಮ್ಮಿ. ಒಳಗೆ ಆಸ್ಟ್ರಿಯಾ ರಾಣಿ ಎಲಿಜಬೆತ್ ಇದ್ದ ಕೋಣೆಗಳು ಇದಾವೆ, ನಾನು ಅಲ್ಲಿ ಜಾಸ್ತಿ ನಿಲ್ಲಲಿಲ್ಲ. ನಿಂತಿದ್ದು ಯಾಕೊಪೊ ದೆ ಬಾರ್ಬರಿ 1500ರಲ್ಲಿ ಮಾಡಿದ ವೆನಿಸ್ ನಕ್ಷೆ ಮುಂದೆ. ಆಕಾಶದಿಂದ ಹಕ್ಕಿ ನೋಡ್ದಂಗೆ ಇಡೀ ಊರನ್ನ ಮರದ ಹಲಗೆ ಮೇಲೆ ಕೆತ್ತಿ ಆರು ಹಾಳೆಯಲ್ಲಿ ಅಚ್ಚು ಹಾಕಿದ್ದು, ಆ ಕೆತ್ತಿದ ಹಲಗೆಗಳೂ ಇದೇ ಮ್ಯೂಸಿಯಂನಲ್ಲಿ ಉಳಿದಿದಾವೆ. ಅದರಲ್ಲಿ ಚೌಕ ಹುಡುಕಿ ಬಗ್ಗಿ ನೋಡಿದ್ರೆ ಬೆಂಕಿಗೆ ಮೊದಲಿನ ಪ್ರೊಕುರಾತ್ಸಿಯೆ ಕಾಣುತ್ತೆ, ಎರಡೇ ಅಂತಸ್ತು, ಆದ್ರೂ ಕೆಳಗೆ ಅದೇ ಕಮಾನು ಸಾಲು. ಅಂದ್ರೆ ಸುಟ್ಟು ಹೋದ ಮೇಲೂ ಹೊಸ ಫ್ಯಾಶನ್ ಹಿಂದೆ ಬೀಳದೆ ಹಳೇ ಪದ್ಧತಿಯಲ್ಲೇ ಕಟ್ಟಿ, ಮೇಲೆ ಒಂದು ಅಂತಸ್ತು ಜಾಸ್ತಿ ಮಾಡಿದ್ರು, ಬಾಡಿಗೆನೂ ಜಾಸ್ತಿ ಬಂತು.

ಇನ್ನೊಂದು ದಾರಿ ಹಳೇ ಪ್ರೊಕುರಾತ್ಸಿಯೆದು, ಇದು ಹೊಸ ಸುದ್ದಿ. ಐನೂರು ವರ್ಷ ಅದರ ಮೇಲಿನ ಭಾಗ ಜನಸಾಮಾನ್ಯರಿಗೆ ತೆರೆದೇ ಇರಲಿಲ್ಲ. ಜೆನೆರಾಲಿ ಅನ್ನೋ ಇನ್ಶೂರೆನ್ಸ್ ಕಂಪನಿ 1832ರಿಂದ ಅಲ್ಲಿ ಆಫೀಸ್ ಇಟ್ಕೊಂಡಿತ್ತು, ಬರ್ತಾ ಬರ್ತಾ ಕಟ್ಟಡದ ಬಹುಭಾಗ ಅವರದೇ ಆಯ್ತು. ಡೇವಿಡ್ ಚಿಪ್ಪರ್‌ಫೀಲ್ಡ್ ಅನ್ನೋ ಆರ್ಕಿಟೆಕ್ಟ್ ಕೈಲಿ ರಿಪೇರಿ ಮಾಡಿಸಿ 2022ರ ಏಪ್ರಿಲ್‌ನಲ್ಲಿ ಮೂರನೇ ಅಂತಸ್ತನ್ನ ಜನರಿಗೆ ತೆರೆದ್ರು, ಚಿಪ್ಪರ್‌ಫೀಲ್ಡ್‌ಗೆ ಮರುವರ್ಷ ಆರ್ಕಿಟೆಕ್ಟ್‌ಗಳಿಗೆ ಕೊಡೋ ದೊಡ್ಡ ಪ್ರಿಟ್ಸ್‌ಕರ್ ಪ್ರಶಸ್ತಿನೂ ಬಂತು. ಅಟ್ಟದ ಅಂತಸ್ತು ಅದು. ಕೋಣೆ ಕೋಣೆ ಮಧ್ಯ ಕಮಾನುಗಳನ್ನ ಒಂದೇ ಗೆರೆಗೆ ತಂದಿದಾರೆ, ಒಂದು ತುದಿಯಲ್ಲಿ ನಿಂತ್ರೆ ಕಮಾನಿನೊಳಗೆ ಕಮಾನು ಕಾಣ್ತಾ ಹೋಗುತ್ತೆ. ಕೈಯಿಟ್ಟು ನೋಡಿದೆ ಗೋಡೆಗೆ. ಪ್ಲಾಸ್ಟಿಕ್ ಪೇಂಟಿನ ಜಾರು ಇಲ್ಲ, ಸುಣ್ಣದ ಗಾರೆ, ನೆಲಕ್ಕೆ ಕೂಡ ಹಳೇ ವೆನಿಸ್ ಪದ್ಧತಿಯಲ್ಲಿ ಸುಣ್ಣ, ಕಲ್ಲಿನ ಚೂರು, ಹೆಂಚಿನ ಪುಡಿ ಕೂಡಿಸಿ ಉಜ್ಜಿ ಉಜ್ಜಿ ಮಾಡಿದ್ದು, ಆ ಕೆಲಸ ಗೊತ್ತಿರೋ ಊರಿನ ಕೆಲಸಗಾರರ ಕೈಲೇ ಮಾಡಿಸಿದಾರೆ. ನಮ್ಮ ಕಡೆ ಹಳೇ ಮಾಳಿಗೆ ಮನೆಗಳಿಗೆ ಗಾರೆ ಅರೆಯೋರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದಾರೆ, ಅವರಿಗೆ ಕೆಲಸ ಕೊಡೋರು ಯಾರು ಅನ್ನೋದು ಅಲ್ಲಿ ನಿಂತಾಗ ತುಂಬಾ ಕಾಡ್ತು.

ಇನ್ನು ಹಂಪಿಗೆ ಬರ್ತೀನಿ, ಇದನ್ನ ಹೇಳೋಕೇ ಇಷ್ಟು ದೂರ ಹೋಗಿ ಬಂದಿದ್ದು. ಈಗ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದೆ, ಹೊಳೆ ಆ ಕಡೆ ಆನೆಗೊಂದಿ ಕೊಪ್ಪಳ ಜಿಲ್ಲೆ, ಆದ್ರೆ ಬಳ್ಳಾರಿಯವರಿಗೆ ಅದು ನಮ್ಮದೇ ಊರು, ಅದರ ಚರ್ಚೆ ನಮಗೂ ಸೇರಿದ್ದು. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಎಷ್ಟೋ ವರ್ಷ ಜನ ಸಂಸಾರ ಮಾಡ್ಕೊಂಡಿದ್ರು, ಕಂಬಕ್ಕೆ ಕಂಬ ಸೇರಿಸಿ ಗೋಡೆ, ಮುಂದೆ ಹೋಟೆಲ್ಲು, ಬಾಳೆಹಣ್ಣು ಕಾಯಿ ಅಂಗಡಿ, ಬಟ್ಟೆ ಅಂಗಡಿ. 2011ರ ಜುಲೈನಲ್ಲಿ ಅವನ್ನೆಲ್ಲಾ ತೆರವು ಮಾಡಿದ್ರು, ಮುಂದೆ ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ಅಂತಾಯ್ತು. ಸಿಮೆಂಟ್ ಗೋಡೆ ಎಬ್ಬಿಸಿ, ಕಂಬಕ್ಕೆ ಮೊಳೆ ಹೊಡೆದು, ಹೊಗೆ ಹಿಡಿಸಿ ಐನೂರು ವರ್ಷದ ಕಲ್ಲಿಗೆ ಏನಾಗ್ತಿತ್ತು ಅಂತ ನಾನೂ ನೋಡಿದೀನಿ, ಅದು ಹಂಗೇ ಮುಂದುವರೀಬೇಕಿತ್ತು ಅಂತ ಹೇಳ್ತಿಲ್ಲ, 1999ರಿಂದ 2006ರವರೆಗೆ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿ ಇತ್ತು ಅನ್ನೋದೂ ನೆನಪಿರ್ಲಿ. ನನ್ನ ಸಂಕಟ ಬೇರೆ. ಆ ಕಂಬಗಳನ್ನ ನಿಲ್ಲಿಸಿದ್ದೇ ವ್ಯಾಪಾರಕ್ಕೆ. ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಬಂದಾಗ ಈ ಪಟ್ಟಣದ ಬಜಾರಿನಲ್ಲಿ ಮಾಣಿಕ್ಯ, ವಜ್ರ, ಮುತ್ತು ಮಾರೋದನ್ನ ನೋಡಿ ಬರೆದಿದಾನೆ, ಸಂಜೆ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ ಇದ್ದಿದ್ದನ್ನೂ ಬರೆದಿದಾನೆ. ಅಂಥ ಬಜಾರಿನಲ್ಲಿ ಡಬ್ಬಾ ಅಂಗಡಿ ಎಬ್ಬಿಸೋದು ಒಂದು ಕೆಲಸ, ಕಮಾನಿನ ಕೆಳಗಿನ ವ್ಯಾಪಾರಾನೇ ಇಲ್ಲದಂಗೆ ಮಾಡೋದು ಇನ್ನೊಂದು. ಸಾನ್ಸೊವಿನೊ ಮೊದಲನೇದು ಮಾಡಿ ಅಲ್ಲಿಗೇ ನಿಂತ. ಕೆಲವು ಮಂಟಪಗಳನ್ನಾದ್ರೂ, ಗೋಡೆ ಇಲ್ಲದೆ, ಮೊಳೆ ಇಲ್ಲದೆ, ಒಲೆ ಇಲ್ಲದೆ, ಎತ್ತಿ ಇಡಬಹುದಾದ ಸಾಮಾನಲ್ಲಿ ಅಲ್ಲಿದ್ದವರ ಮಕ್ಕಳಿಗೇ ಬಾಡಿಗೆಗೆ ಕೊಟ್ಟು, ಆ ಬಾಡಿಗೆ ಅದೇ ಕಂಬದ ರಿಪೇರಿಗೆ ಹೋಗಂಗೆ ಮಾಡಿದ್ರೆ ಆಗಲ್ವಾ? ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಹೆಣೆಯೋ ಹೆಣ್ಣುಮಕ್ಕಳಿದಾರೆ, ಅವರಿಗೆ ಕೂರೋಕೆ ನಾಲ್ಕು ಕಂಬದ ನೆರಳು ಸಾಕು.

ಕೊನೆಗೆ ಪ್ರಶ್ನೆಗಳು ಬಂದ್ವು. ರಾಯಚೂರಿನಿಂದ ಬಂದಿದ್ದ ಮೇಷ್ಟ್ರೊಬ್ಬರು, ನೀರು ನುಗ್ಗುತ್ತಂತಲ್ಲ, ಆವಾಗ ಕಮಾನಿನ ಅಂಗಡಿಯವರು ಏನ್ಮಾಡ್ತಾರೆ ಅಂತ ಕೇಳಿದ್ರು. ಒಳ್ಳೇ ಪ್ರಶ್ನೆ. ಚೌಕ ಊರಲ್ಲೇ ತಗ್ಗಿನ ಜಾಗ, ಅಳತೆಗೋಲಲ್ಲಿ ಉಬ್ಬರ 80 ಸೆಂಟಿಮೀಟರ್ ದಾಟಿದ್ರೆ ಸಾಕು ಚರಂಡಿ ಬಾಯಿಂದಲೇ ನೀರು ಮೇಲೆ ಬರುತ್ತೆ. 1966ರ ನವೆಂಬರ್ 4ಕ್ಕೆ 194 ಸೆಂಟಿಮೀಟರ್, 2019ರ ನವೆಂಬರ್ 12ಕ್ಕೆ 187. 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಲ್ಲಿ ಮೋಸೆ ಅನ್ನೋ ಗೇಟ್‌ಗಳು ಏಳ್ತಾವೆ, ಆದ್ರೆ ಏಳೋದು 110ರ ಮೇಲೆ ಬರುತ್ತೆ ಅಂತ ಅಂದಾಜಿದ್ದಾಗ, ಹಂಗಾಗಿ 80ಕ್ಕೂ 110ಕ್ಕೂ ಮಧ್ಯದ ನೀರು ಇವತ್ತೂ ಚೌಕಕ್ಕೆ ಬರುತ್ತೆ. ಮುನಿಸಿಪಾಲಿಟಿಯವರು ಮಂಚದ ತರ ಹಲಗೆ ದಾರಿ ಜೋಡಿಸ್ತಾರೆ, ಅಂಗಡಿಯವರು ಬಾಗಿಲಿಗೆ ಮೊಣಕಾಲೆತ್ತರ ತಡೆಹಲಗೆ ಸಿಕ್ಕಿಸಿ, ಕೆಳಗಿನ ಸಾಮಾನು ಮೇಲಿಟ್ಟು, ನೀರಿಳಿದ ಮೇಲೆ ತೊಳೆದು ಮತ್ತೆ ತೆಗೀತಾರೆ. ನೀವು ಹೋಗೋದಾದ್ರೆ ಅಕ್ಟೋಬರ್‌ನಿಂದ ಜನವರಿವರೆಗೆ ಬೂಟಿನ ಏರ್ಪಾಡು ಇರ್ಲಿ. ಬೆಳಿಗ್ಗೆ ಬಂದು ಸಂಜೆ ಹೋಗೋರಿಗೆ 2024ರಿಂದ ಕೆಲವು ದಿನ ಊರಿಗೆ ಬರೋಕೆ 5 ಯೂರೋದಿಂದ ಫೀಸ್ ಇದೆ, ರಾತ್ರಿ ಅಲ್ಲೇ ಉಳಿಯೋರಿಗೆ ಇಲ್ಲ. ಉಳಿದ್ರೇ ಒಳ್ಳೇದು, ಬೆಳಿಗ್ಗೆ ಏಳಕ್ಕೆ ಹೋದ್ರೆ ಕಮಾನಿನ ಕೆಳಗೆ ಶಟರ್ ಎತ್ತೋರು, ಕುರ್ಚಿ ಜೋಡಿಸೋರು ಬಿಟ್ರೆ ಬೇರೆ ಯಾರೂ ಇರಲ್ಲ.